ನಿಂಗಮ್ಮತ್ತಿಗೆಯ ಸೊನ್ನೆ

ಯಸಳೂರು

ಲಕ್ಕಪ್ಪಣ್ಣನಿಗೆ ಗಗನಾಳ ನಮಸ್ಕಾರ. ಈ ಕಾಗದ ಅತ್ತಿಗೆಯೇ ಓದಿ ಹೇಳಲಿ.

ನೀವು ನನಗೆ ಮಾರಿದ, ಮರದಲ್ಲಿ ಅಕ್ಷರ ಕುಯ್ಯೋ ಹಳೇ ಸ್ಕ್ರೋಲ್ ಸಾ ಮಿಷಿನ್ ಬಸ್ಸಲ್ಲೇ ಕ್ಷೇಮವಾಗಿ ಬಂತು. ಕೂದಲೆಳೆಯಂಥ ಬ್ಲೇಡು ಹಲಸಿನ ಹಲಗೆಯೊಳಗೆ ಬಳ್ಳಿ ಥರ ತಿರುಗೋದು ನೋಡಿ ಬಾಯಿ ಬಿಟ್ಕೊಂಡು ನಿಂತುಬಿಟ್ಟೆ ಕಣಣ್ಣ.

ನಿಮ್ಮ ಬಾಗಿಲ ಮೇಲೆ ನೀವೇ ಕುಯ್ದು ಅಂಟಿಸಿದ ಮರದ ಅಕ್ಷರದಲ್ಲಿ ಅತ್ತಿಗೆ ಹೆಸರು 'ನಿಗಮ್ಮ' ಅಂತ ಐತಲ್ಲ. ಸೊನ್ನೆ ಕುಯ್ಯುವಾಗ ಎಲ್ಲೋ ಹಾರಿಹೋಯ್ತು, ಇನ್ನೊಂದು ಮಾಡೋದ್ರೊಳಗೆ ಕಣ್ಣು ಮಂಜಾಯ್ತು ಅಂದಿರಿ. ಇದು ಯಾವ ನಿಗಮದ ಆಫೀಸು ಅಂತ ಪೋಸ್ಟಿನವರು ಕೇಳ್ತಾರೆ ಅಂತ ಅತ್ತಿಗೆ ನಕ್ಕರು. ನೀವು ನಗಲಿಲ್ಲ.

ನಿನ್ನೆ ಮಿಷಿನ್ ಬಿಚ್ಚಿ ಒಳಗಿನ ಹೊಟ್ಟು ಗುಡಿಸಿದೆ. ಆ ಸೊನ್ನೆ ಸಿಕ್ತು! ಮಗುವಿನ ಓಲೆಯಷ್ಟೇ ಐತೆ, ನಡುವೆ ತೂತು ಬೇರೆ. ಎಂಥಾ ದುಂಡಗೆ ಐತಣ್ಣ! ಅಂಥದ್ದೊಂದು ಕುಯ್ಯೋಣ ಅಂತ ಇಡೀ ದಿನ ಕೂತೆ. ನನ್ನವೆಲ್ಲ ಗೋಡಂಬಿ ಆದವು.

ಹತ್ತಿಯಲ್ಲಿ ಸುತ್ತಿ ಇದರ ಜೊತೆ ಇಟ್ಟಿದ್ದೀನಿ, ಕವರು ಜೋಪಾನವಾಗಿ ಒಡೀರಿ. ಬೇರೆ ಯಾರ ಕೈಲೂ ಅಂಟಿಸಬೇಡಿ. ನೀವೇ ಅಂಟಿಸಿ. ಜಾಗ ಅತ್ತಿಗೆ ಕೈ ಹಿಡಿದು ತೋರಿಸಲಿ.

ನಿಮ್ಮ ತಂಗಿ,
ಗಗನಾ