ನಾಲ್ಕು ಗಂಟೆ ಕೈ ಕಟ್ಟಿ ನಿಲ್ಲದ ಅಪರಾಧ

ದಂತ ವೈದ್ಯಕೀಯ ಕಾಲೇಜಿನ ಪ್ರವೇಶ ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ,

ನನ್ನ ನಾಲ್ಕು ಗಂಟೆಗಳನ್ನು ನೀವು ತೆಗೆದುಹಾಕಿದ್ದೀರಿ. ದಯವಿಟ್ಟು ವಾಪಸ್ ಕೊಡಿ.

ನೂರಾರು ಅರ್ಜಿಗಳ ನಡುವೆ ಇದು ಯಾವುದೆಂದು ನಿಮಗೆ ಹೊಳೆಯದೆ ಇರಬಹುದು. ನಿಮ್ಮ ನಿಯಮ ಹೇಳುವುದಿಷ್ಟು: ಪದವಿ ಓದುತ್ತಾ ಸೀಟು ಕೇಳುವವರು, ಪರವಾನಗಿ ಇರುವ ಯಾವುದಾದರೂ ದಂತವೈದ್ಯರ ಕೆಲಸವನ್ನು ನೂರು ಗಂಟೆ, ಏನನ್ನೂ ಮುಟ್ಟದೆ, ನಿಂತು ನೋಡಿರಬೇಕು. ನಾನು ನೂರು ಗಂಟೆ ನಿಂತೆ. ನಿಮ್ಮ ಲೆಕ್ಕದಲ್ಲಿ ಅದು ತೊಂಬತ್ತಾರು. ಉಳಿದ ನಾಲ್ಕು ಗಂಟೆ ನಾನು ಉಪಯೋಗಕ್ಕೆ ಬಂದೆ ಎಂಬುದು ನನ್ನ ಮೇಲಿನ ಆರೋಪ. ಅರ್ಜಿಯ ಕೊನೆಯ ದಿನ ಈ ಶುಕ್ರವಾರ. ಅಷ್ಟರೊಳಗೆ ನೂರು ತುಂಬದಿದ್ದರೆ ನನ್ನ ಒಂದು ವರ್ಷ ಹೋಯಿತು.

ನಾನು ನಿಮ್ಮ ವಿರೋಧಿಯಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ನಾನು ನಿಮ್ಮ ಅಭಿಮಾನಿ. ನಿಮ್ಮ ಕಾಲೇಜಿನ ವಿಡಿಯೊಗಳನ್ನೆಲ್ಲ ನೋಡಿದ್ದೇನೆ, ವಾಹನ ನಿಲುಗಡೆಯ ಸೂಚನೆಗಳದ್ದನ್ನೂ ಸೇರಿಸಿ. ಸಾವಯವ ರಸಾಯನಶಾಸ್ತ್ರವನ್ನು ಎರಡು ಸಲ ಓದಿದೆ, ಮೊದಲ ಸಲ ಇಷ್ಟಪಟ್ಟು, ಎರಡನೇ ಸಲ ಪಾಸಾಗಲು. ಪ್ರವೇಶ ಪರೀಕ್ಷೆಗಾಗಿ, ಮಡಚಿದ ಕಾಗದಕ್ಕೆ ತೂತು ಹೊಡೆದು ಬಿಚ್ಚಿದರೆ ತೂತುಗಳು ಎಲ್ಲೆಲ್ಲಿ ಇರುತ್ತವೆ ಎಂದು ಮೂರು ತಿಂಗಳು ಯೋಚಿಸಿದೆ. ಈಗ ಚರ್ಚಿನ ಊಟದಲ್ಲಿ ಯಾರಾದರೂ ನ್ಯಾಪ್‌ಕಿನ್ ಮಡಚಿದರೆ ನನಗೆ ತುತ್ತು ಇಳಿಯುವುದಿಲ್ಲ. ಕೈಚಳಕ ಬೆಳೆಸಿಕೊಳ್ಳಿ ಎಂದಿರಿ. ಸಾಬೂನಿನಲ್ಲಿ ದವಡೆ ಹಲ್ಲು ಕೆತ್ತಿದೆ. ಹನ್ನೊಂದನೆಯದು ನಿಜಕ್ಕೂ ಚೆನ್ನಾಗಿ ಬಂದಿತ್ತು, ಮೂರು ಬೇರುಗಳ ಸಮೇತ. ಅಪ್ಪ ಅದರಲ್ಲಿ ಕೈ ತೊಳೆದುಕೊಂಡರು. ಈಗ ಬೇರು ಒಂದೇ ಇದೆ.

ಇನ್ನು ಆ ನಾಲ್ಕು ಗಂಟೆಗಳ ವಿಷಯ. ನಾರ್ತ್ ಡಕೋಟಾದ ನಮ್ಮ ಹಾಲ್ವಿಕ್ ಊರಿಗೆ ಇದ್ದವರು ಒಬ್ಬರೇ ದಂತವೈದ್ಯರು, ಡಾಕ್ಟರ್ ಸ್ಕಾರ್. ವಯಸ್ಸು ಎಪ್ಪತ್ತೊಂದು. ಫೆಬ್ರವರಿಯ ಒಂದು ಮಂಗಳವಾರ ಅವರ ಸಹಾಯಕಿ ಲೋರ್ನಾಳ ಕಾರು ಹಿಮದಲ್ಲಿ ಹೂತುಹೋಯಿತು. ಕುರ್ಚಿಯಲ್ಲಿ ಶಾಲಾ ಬಸ್ಸಿನ ಚಾಲಕ ಡ್ವೇನ್ ಫೆಟ್ಟಿಗ್ ಬಾಯಿ ತೆರೆದು ಮಲಗಿದ್ದ. ಹಲ್ಲು ಅರ್ಧ ಹೊರಗೆ, ಅರ್ಧ ಒಳಗೆ. ಬಾಯಿ ರಕ್ತದಿಂದ ತುಂಬುತ್ತಿತ್ತು. ನಾನು ನಿಯಮದ ಪ್ರಕಾರ ಗೋಡೆಗೆ ಒರಗಿ, ಕೈ ಬೆನ್ನ ಹಿಂದೆ ಕಟ್ಟಿ ನಿಂತಿದ್ದೆ.

"ಏ ಮಾರ್ನಿ, ಏನ್ ಗೊಂಬೆ ಥರ ನಿಂತಿದೀಯ? ಆ ರಕ್ತ ಹೀರೋ ನಳಿಕೆ ಹಿಡ್ಕೋ ಬಾ," ಎಂದರು ಡಾಕ್ಟರ್.

"ಮುಟ್ಟಬಾರ್ದು ಅಂತ ನಿಯಮ ಇದೆ ಡಾಕ್ಟ್ರೇ."

"ನಿಯಮಕ್ಕೆ ಉಸಿರು ಕಟ್ಟೋದಿಲ್ಲ ಕಣಮ್ಮ, ಡ್ವೇನ್‌ಗೆ ಕಟ್ಟುತ್ತೆ."

ಡ್ವೇನ್ ಏನೋ ಹೇಳಿದ. ಸ್ವರಗಳಷ್ಟೇ ಕೇಳಿಸಿದವು, ಆದರೆ ಅವನು ಡಾಕ್ಟರ ಪರ ಎಂಬುದು ಸ್ಪಷ್ಟವಿತ್ತು. ನಳಿಕೆ ಹಿಡಿದೆ. ಆ ಮಧ್ಯಾಹ್ನ ಬಂದವರು ನಾಲ್ಕು ಜನ, ಸರಿಯಾಗಿ ನಾಲ್ಕು ಗಂಟೆ. ಮನೆಗೆ ಹೋಗಿ ಗಂಟೆ ಬರೆಯುವ ಪುಸ್ತಕದಲ್ಲಿ, ಪೆನ್ನಿನಲ್ಲಿ, ಹೀಗೆ ಬರೆದೆ: ಇವತ್ತು ನಳಿಕೆ ಹಿಡಿದೆ!!! ಮೂರು ಆಶ್ಚರ್ಯಸೂಚಕಗಳು ನನ್ನವೇ. ಅದೊಂದು ಕೆಟ್ಟ ಅಭ್ಯಾಸ, ಚಾಟ್ ಗುಂಪಿನಲ್ಲಿ ಬೆಳೆದವಳು ನಾನು.

ನಾವು ಸೀಟು ಕೇಳುವವರೆಲ್ಲ ಸೇರುವ ಆ ಗುಂಪಿನಲ್ಲಿ, ದವಡೆರಾಯ ಎಂಬ ಹೆಸರಿಟ್ಟುಕೊಂಡ ಒಬ್ಬನಿದ್ದಾನೆ. ನಾನು ಆ ಪುಟದ ಚಿತ್ರ ಹಾಕಿದ ಕೂಡಲೇ ಅವನು ಬರೆದ: "ಅಯ್ಯೋ ಪೆದ್ದಿ, ಅರ್ಜೀಲಿ ಯಾರಾದ್ರೂ ನಿಜ ಬರೀತಾರಾ? 'ಗಮನಿಸಿದೆ' ಅಂತ ಬರೀಬೇಕು ಕಣೇ. ನಾನಂತೂ ಸತ್ತರೂ ಗಮನಿಸ್ತಾನೇ ಇರ್ತೀನಿ." ಡಾಕ್ಟರೂ ಸಹಿ ಹಾಕುವಾಗ ಆ ಸಾಲು ಹೊಡೆದುಹಾಕು ಎಂದರು. ಆದರೆ ನಿಮ್ಮದೇ ಅರ್ಜಿಯ ಆರನೇ ಪುಟದಲ್ಲಿ, 'ನಷ್ಟವಾದರೂ ನೀವು ಪ್ರಾಮಾಣಿಕವಾಗಿದ್ದ ಸಂದರ್ಭವನ್ನು ವಿವರಿಸಿ' ಎಂಬ ಪ್ರಶ್ನೆ ಇದೆ. ಅಲ್ಲಿ ಬರೆಯಲು ನನ್ನ ಬಳಿ ಏನೂ ಇರಲಿಲ್ಲ. ಈಗ ಇದೆ. ಧನ್ಯವಾದ.

ಕಳೆದ ವಾರ ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಎತ್ತಿದ ಮಹಿಳೆ ನಿಜಕ್ಕೂ ಒಳ್ಳೆಯವರು.

"ನೋಡಮ್ಮ, ನೋಡೋದು ಬೇರೆ, ನೆರವಾಗೋದು ಬೇರೆ," ಎಂದರು.

"ಹಾಗಾದ್ರೆ ನೆರವಿನ ಖಾನೆಗೆ ಹಾಕಿ ಮೇಡಂ."

"ಅದಕ್ಕೆ ತರಬೇತಿ ಪ್ರಮಾಣಪತ್ರ ಬೇಕಲ್ಲಾ."

"ಕೈಚಳಕದ ಖಾನೆಗೆ?"

"ಅದು ಹವ್ಯಾಸಕ್ಕೆ. ಪಿಟೀಲು, ಕಸೂತಿ ಅಂಥದ್ದು. ಬೇರೆಯವ್ರ ಬಾಯಲ್ಲಿ ನಳಿಕೆ ಹಿಡಿಯೋದು ನಿನ್ನ ಹವ್ಯಾಸಾನಾ?"

ಅಲ್ಲವೆಂದೆ. ಮತ್ತೆ ಪ್ರಾಮಾಣಿಕಳಾದೆ ನೋಡಿ.

ಇನ್ನೊಂದು ನಾಲ್ಕು ಗಂಟೆ ನಿಂತು ಬಾ ಎನ್ನುವಿರೇನೋ. ಎಲ್ಲಿ ನಿಲ್ಲಲಿ? ಡಾಕ್ಟರ್ ಸ್ಕಾರ್ ಮೇ ತಿಂಗಳಲ್ಲಿ ಬಾಗಿಲು ಮುಚ್ಚಿ ಅರಿಜೋನಾದ ಮಗಳ ಮನೆಗೆ ಹೋದರು. ಅಲ್ಲಿ ಅವರು ಹಲ್ಲು ಮುಟ್ಟುವುದಿಲ್ಲ, ಗಾಲ್ಫ್ ಆಡುತ್ತಾರೆ. ಮುಂದಿನ ದಂತವೈದ್ಯರು ತೊಂಬತ್ತು ಮೈಲಿ ದೂರ. ಅವರ ಗೋಡೆಗೆ ಒರಗಲು ನನ್ನಂಥವರ ಸರದಿ ಅಕ್ಟೋಬರಿನವರೆಗೆ ತುಂಬಿದೆ. ಮೊನ್ನೆ ಅಂಗಡಿಯಲ್ಲಿ ಡ್ವೇನ್ ಸಿಕ್ಕಿ, ಇನ್ನೊಂದು ಕಡೆ ದವಡೆಗೆ ಬೆರಳಿಟ್ಟು ಕೇಳಿದ: "ಇದೂ ನೋಯ್ತಿದೆ ಮಾರಾಯ್ತಿ. ನೀನು ಬೇಗ ಡಾಕ್ಟ್ರಾಗಿ ಬಾ. ಎಷ್ಟು ದಿನ ಹಿಡಿಯುತ್ತೆ?" ಐದು ವರ್ಷ ಎಂದೆ. ನಿಮ್ಮಿಂದಾಗಿ ಆರು ಎನ್ನಲು ಮನಸ್ಸು ಬರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇದು. ಆ ನಾಲ್ಕು ಗಂಟೆಗಳನ್ನು ಎಣಿಸಿ. ಆಗದಿದ್ದರೆ ನಿಯಮವನ್ನೇ ಪಾಲಿಸೋಣ. ನಿಮ್ಮ ಕಚೇರಿಯ ಜಾಲತಾಣದಲ್ಲಿ ನಿಮ್ಮ ಭಾವಚಿತ್ರದ ಕೆಳಗೆ, ನೀವು ಪರವಾನಗಿ ಇರುವ ದಂತವೈದ್ಯರು ಎಂದಿದೆ. ನಿಯಮದಲ್ಲಿ 'ಯಾವುದಾದರೂ' ಎಂದಿದೆ, ಬಾಯಿಯೊಳಗಿನ ಕೆಲಸವೇ ಆಗಬೇಕು ಎಂದಿಲ್ಲ. ಗುರುವಾರ ಬೆಳಿಗ್ಗೆ ಎಂಟಕ್ಕೆ ನಿಮ್ಮ ಕೋಣೆಗೆ ಬರುತ್ತೇನೆ. ಗೋಡೆಗೆ ಒರಗಿ, ಕೈ ಬೆನ್ನ ಹಿಂದೆ ಕಟ್ಟಿ, ನೀವು ಅರ್ಜಿಗಳನ್ನು ತಿರಸ್ಕರಿಸುವುದನ್ನು ಮಧ್ಯಾಹ್ನ ಹನ್ನೆರಡರವರೆಗೆ ನೋಡುತ್ತೇನೆ. ನನ್ನದರ ಸರದಿ ಬಂದರೂ ಏನನ್ನೂ ಮುಟ್ಟುವುದಿಲ್ಲ. ನಿಮಗೆ ಕಾಫಿ ನೆತ್ತಿಗೆ ಹತ್ತಿದರೂ ನೆರವಾಗುವುದಿಲ್ಲ. ಗಂಟೆ ಬರೆಯುವ ಪುಸ್ತಕ ತರುತ್ತೇನೆ. ಸಹಿಗೆ ಪೆನ್ನು ನಿಮ್ಮದೇ ಇರಲಿ.

ಇಂತಿ,
ತೊಂಬತ್ತಾರು ಗಂಟೆ ಸುಮ್ಮನಿದ್ದೂ ಕೊನೆಗೆ ತಡೆಯಲಾಗದೆ ಹೋದ
ಮಾರ್ನಿ ಟಾಲಫ್ಸನ್
ಹಾಲ್ವಿಕ್