ಹಾರವಾಡದಲ್ಲಿ ಉಳಿದ ಮೈ

ಅಮದಳ್ಳಿ,
೧೪ ಜುಲೈ ೨೦೨೫

ಪ್ರೀತಿಯ ರೋಷನ,

ಹೊಸ ಮೈಯಲ್ಲಿ ನಿನಗೆ ಈಗ ನಿದ್ರೆ ಹತ್ತುತ್ತಿದೆಯೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಮನ್ನಿಸು. ಸಿಟ್ಟು ಇಳಿದ ಮೇಲೆ ಬರೆಯೋಣವೆಂದು ಕಾದೆ; ಇಳಿಯಲಿಲ್ಲ.

ನೀನು ಕೇಳಿಕೊಂಡಂತೆ ಹಾರವಾಡಕ್ಕೆ ಹೋಗಿದ್ದೆ. ದೋಣಿ ಮಗುಚಿ ನೀನು ಎಚ್ಚರ ತಪ್ಪಿದ ಮೇಲೆ, ಗೋವಾದ ವೈದ್ಯರು ನಿನ್ನ ನೆನಪು, ಬುದ್ಧಿ, ಮಾತುಗಳನ್ನೆಲ್ಲ ಕೃತಕ ದೇಹಕ್ಕೆ ಸಾಗಿಸಿದಾಗ ಎಲ್ಲರಿಗಿಂತ ಮೊದಲು ಹಿಗ್ಗಿದವನು ನಾನೇ. ವಿಜ್ಞಾನ ಕಲಿಸಿದವನಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಆದರೆ ಹಳೆಯ ಮೈ ಸಾಯಲಿಲ್ಲ. ನಿನ್ನ ತಾಯಿ ಅದನ್ನು ಮನೆಗೆ ತಂದು ಗಂಜಿ ಕುಡಿಸುತ್ತಿದ್ದಾರೆ. ಅದು ಉಸಿರಾಡುವಷ್ಟು ಕಾಲ ಸರಕಾರದ ಕಣ್ಣಿಗೆ ಅದೇ ರೋಷನ. ನಿನಗೆ ಹೆಸರೇ ಇಲ್ಲ. ಈ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ನೀನು ಬರೆದದ್ದೇನು? ‘ಆಯಿಯನ್ನು ಒಪ್ಪಿಸಿ ಸರ್, ವೈದ್ಯರು ಆ ಚಿಪ್ಪನ್ನು ಮುಗಿಸಿಬಿಡಲಿ.’ ಚಿಪ್ಪು! ಮಾಂಸ ತಿಂದು ಎಸೆಯುವ ಬಳಚಿನ ಚಿಪ್ಪಿಗೆ ಆಡುವ ಮಾತು ಅದು.

ನಿನ್ನ ತಾಯಿ ಬೇಬಿಬಾಯಿ ನನ್ನನ್ನು ಒಳಗೆ ಕರೆಯಲಿಲ್ಲ.

“ಯಾರ ಕಡೆಯಿಂದ ಬಂದ್ರಿ ಮಾಸ್ತರೇ?”

“ರೋಷನನ ಕಡೆಯಿಂದ.”

“ರೋಷನ ಒಳಗೆ ಮಲಗಿದ್ದಾ. ಮೊನ್ನೆ ಆ ಹೊಸ ಮೈಯಲ್ಲಿ ಬಂದವ್ರಿಗೆ ಚಾ ಕೊಟ್ಟು ಕಳ್ಸಿದ್ದೆ. ಅವ್ರಿಗೆ ಗಡ್ಡ ಬತ್ತದ್ಯಾ ಕೇಳಿ. ನನ್ನ ಮಗನಿಗೆ ವಾರ ವಾರ ಕ್ಷೌರ ಮಾಡಿಸ್ಬೇಕು.”

ಜಗಲಿಯಲ್ಲಿ ಬಲೆ ಹೊಲಿಯುತ್ತಿದ್ದ ನಿನ್ನ ಕಾಕಾ ತುಳಸಿದಾಸ ನಕ್ಕರು. “ಲಗ್ನ ಆದ್ರೆ ಹೆಣ್ಣು ಯಾರ ಪಕ್ಕ ಕೂರೂದು ಮಾಸ್ತರೇ? ಇಬ್ಬರ ಮಧ್ಯಾನಾ?”

“ತುಳಸಿ, ಬಾಯಿ ಮುಚ್ಚು!” ಎಂದು ಗದರಿದ ನಿನ್ನ ತಾಯಿ ನನ್ನ ಕಡೆ ತಿರುಗಿದರು. “ಒಪ್ಪಿಗೆ ಗಿಪ್ಪಿಗೆ ಅಂತ ಇನ್ನೊಂದ್ಸಲ ಈ ಅಂಗಳಕ್ಕೆ ಬಂದ್ರೆ ಮೀನು ಕೊಯ್ಯೂ ಕತ್ತಿ ತರ್ತೆ. ಮಾಸ್ತರು ಅಂತ ನೋಡೂದಿಲ್ಲ.”

ತಿರುಗುವಾಗ ಕಿಟಕಿಯಿಂದ ಕಂಡೆ. ಒಳಗೆ ಮಲಗಿದ್ದ ಆ ಮೈಯ ಎಡಗಾಲಿನ ಮೇಲೆ ನೊಣ ಕುಳಿತಿತು. ಕಾಲು ಅದನ್ನು ಕೊಡವಿತು. ಕೇವಲ ನರದ ಚಲನೆ ಎಂದು ನಾನೇ ತರಗತಿಯಲ್ಲಿ ಹೇಳುತ್ತಿದ್ದೆ. ಈಗಲೂ ಅದು ಸುಳ್ಳೆನ್ನಲಾರೆ. ಆದರೂ ಆ ಕಾಲನ್ನು ‘ಮುಗಿಸಿ’ ಎಂದು ಇನ್ನೊಬ್ಬರ ಮುಂದೆ ಹೇಳಲು ನನ್ನ ನಾಲಗೆ ಏಳದು.

ಹೊಸ ಮೈಯನ್ನು ಪ್ರೀತಿಸು. ನಿನ್ನ ಹೆಸರನ್ನು ಕೇಳು. ಅದು ನಿನ್ನ ಹಕ್ಕು. ಕಾರವಾರದ ಕಚೇರಿಗಳ ಮೆಟ್ಟಿಲನ್ನು ನಿನ್ನೊಡನೆ ಹತ್ತಲು ನಾನು ಸಿದ್ಧ, ಸೋಲುವೆವೆಂದೂ ನನಗನ್ನಿಸುವುದಿಲ್ಲ. ಆದರೆ ಆ ಒಪ್ಪಿಗೆಯನ್ನು ಮತ್ತೆ ಕೇಳಿದರೆ ಅಮದಳ್ಳಿಯ ಈ ಬಾಗಿಲೂ ನಿನಗೆ ತೆರೆಯದು.

ನಿನ್ನ ಎರಡು ಮೈಗಳಿಗೂ ಆಯುಸ್ಸು ಕೋರುವ,
ನಿನ್ನ ಮಾಸ್ತರು
ಶಾಂತಾರಾಮ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ನಾನು ಹೆದ್ದಾರಿಯಲ್ಲಿ ಬಸ್ಸಿಗೆ ನಿಂತಿದ್ದಾಗ ನಿನ್ನ ತಾಯಿ ಹಿಂದೆಯೇ ಬಂದರು. ಹೇಳಿದ್ದಿಷ್ಟು: “ಮೊನ್ನೆ ಬಂದವ ನನ್ನ ಮಗನೇ ಮಾಸ್ತರೇ. ಹೊಸಿಲು ದಾಟೂವಾಗ್ಲೇ ಗೊತ್ತಾಯ್ತು. ಬೇರೆ ಯಾರಾದ್ರೂ ಬಂದು ಆ ಮೈ ಕೊಲ್ಲು ಅಂದಿದ್ರೆ ಬೈದು ಮರೀತಿದ್ದೆ. ಹೇಳ್ದವ ಅವನೇ. ನಾ ಹೆತ್ತದ್ದು ಅವನಿಗೆ ಅಷ್ಟು ಹೇಸಿಗೆಯಾ?”