ಸ್ವಲ್ಪ ದಿನದ ಮಟ್ಟಿಗೆ ಬಂದವನು

ಸೋಮವಾರ, ಮಾರ್ಚ್ ೯

ಪ್ರೀತಿಯ ತಂಗಿಗೆ,

ನಿನ್ನ ಅಕ್ಕನ ಆಶೀರ್ವಾದ. ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮ ಭಾವನ ಸೊಂಟ ಮಾತ್ರ ಯಾವತ್ತಿನ ಹಾಗೆ, ಕೂತರೆ ಏಳುವುದಿಲ್ಲ, ಎದ್ದರೆ ಕೂರುವುದಿಲ್ಲ. ನಿನ್ನ ಪತ್ರಕ್ಕೆ ಉತ್ತರ ಬರೆಯಲು ಇಷ್ಟು ತಡ ಮಾಡಿದ್ದಕ್ಕೆ ಬೈ, ಆದರೆ ಕಾರಣ ಕೇಳಿಯಾದರೂ ಬೈ. ಮನೆಗೆ ಒಂದು ನಾಯಿ ಬಂದಿತ್ತು. "ನಿನಗೇನು ಹುಚ್ಚಾ ಅಕ್ಕ, ನಾಲ್ಕನೇ ಮಹಡಿಯ ಆ ಗೂಡಿನಂಥ ಮನೇಲಿ ನಾಯೀನಾ?" ಅಂತ ನೀನು ಕೂಗುವುದು ಇಲ್ಲಿಗೇ ಕೇಳಿಸುತ್ತಿದೆ.

ಸಾಕಲು ತಂದದ್ದಲ್ಲ ಕಣೇ, ಸ್ವಲ್ಪ ದಿನದ ಮಟ್ಟಿಗೆ ಇಟ್ಟುಕೊಳ್ಳಲು. ಬೀದಿಪಾಲಾದ, ಏಟು ತಿಂದ ನಾಯಿಗಳನ್ನು ತಂದು ನೋಡಿಕೊಳ್ಳುವ ಆಶ್ರಯವೊಂದು ಇಲ್ಲಿದೆ. ಅದರ ಮೇಡಂ ನನ್ನ ಹತ್ತಿರ ಕಾರು ಓಡಿಸಲು ಕಲಿತವರು. ಕ್ಲಚ್ ಬಿಡುವುದನ್ನು ಕಲಿಯುವಷ್ಟರಲ್ಲಿ ನನ್ನ ಅರ್ಧ ಆಯಸ್ಸು ತಿಂದಿದ್ದರು, ಉಳಿದರ್ಧ ತಿನ್ನಲು ನಾಯಿ ಕಳಿಸಿದ್ದಾರೆ ಎನ್ನುವುದು ನಿಮ್ಮ ಭಾವನ ಅಭಿಪ್ರಾಯ.

"ಎರಡು ಮನೆಯಿಂದ ವಾಪಸ್ ಬಂದಿದೆ ಟೀಚರ್," ಅಂದರು ಮೇಡಂ. "ಈಗ ಯಾರೋ ಗಂಡ ಹೆಂಡತಿ ಒಪ್ಪಿದ್ದಾರೆ. ಮುಂದಿನ ಭಾನುವಾರ ಬರ್ತಾರೆ. ಅಷ್ಟರಲ್ಲಿ ಮನೇಲಿ ಇರೋದು ಹೇಗೆ ಅಂತ ಸ್ವಲ್ಪ ರೂಢಿ ಮಾಡ್ಸಿ. ಯಾರಿಗಾದ್ರೂ ಒಂದೇ ಒಂದು ಸಲ ಹಲ್ಲು ತಾಗ್ಸಿದ್ರೂ ಮುಗೀತು. ಮತ್ತೆ ಯಾರೂ ಕೇಳಲ್ಲ, ಸಾಯೋವರೆಗೂ ಬೋನಲ್ಲೇ." ಹೆಸರಿಡಬೇಡಿ, ಹಚ್ಚಿಕೊಳ್ಳಬೇಡಿ ಅಂತಲೂ ಹೇಳಿದರು. ಮನೆ ಮಾಲೀಕರು ಇನ್ನೂ ಸ್ಪಷ್ಟವಾಗಿ ಹೇಳಿದರು: "ಭಾನುವಾರ ಸಂಜೆಗೆ ನಾಯಿ ಹೊರಗೆ, ಇಲ್ಲಾ ನೀವು ಹೊರಗೆ."

ಬಂದದ್ದೇ ತಡ, ಅದು ಮಂಚದ ಕೆಳಗೆ ಹೋಗಿ ಗೋಡೆಗೆ ಅಂಟಿಕೊಂಡಿತು. ಕಂದು ಬಣ್ಣ, ಒಂದು ಕಿವಿ ಅರ್ಧವೇ ಇದೆ. ನಿಮ್ಮ ಭಾವ ಸೊಂಟ ಹಿಡಿದುಕೊಂಡು ಬಗ್ಗಿ ಅನ್ನದ ತಟ್ಟೆಯನ್ನು ಒಳಗೆ ತಳ್ಳುತ್ತಾ, "ನಾವು ಅಡ್ಡಬಿದ್ದು ಊಟ ಕೊಡಬೇಕು, ಇವರು ಒಳಗೇ ಕೂತು ತಿನ್ನಬೇಕು. ಯಜಮಾನ್ರು ಅಂದ್ರೆ ಇವರಪ್ಪ!" ಅಂದರು. ಹೆಸರಿಡಬಾರದು ಅಂದಿದ್ದರಲ್ಲ, "ಯಜಮಾನ್ರು" ಅನ್ನುವುದೇ ಅದರ ಹೆಸರಾಯಿತು.

ತೊಂದರೆಯೆಲ್ಲ ನನ್ನ ಬಲಗಾಲಿನದು. ನಮ್ಮ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಹತ್ತಿರವೂ ಒಂದು ಬ್ರೇಕ್ ಇರುತ್ತದೆ. ಇಷ್ಟು ವರ್ಷ ಅದನ್ನು ತುಳಿದೂ ತುಳಿದೂ, ಗಾಬರಿಯಾದರೆ ಸಾಕು, ಎಲ್ಲಿದ್ದರೂ ಕಾಲು ತಾನಾಗಿ ಧಪ್ ಅಂತ ನೆಲಕ್ಕೆ ಬೀಳುತ್ತದೆ. ಮಂಗಳವಾರ ಭಾವ ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಲು ಹೋದರು. ಧಪ್! ಆಗಷ್ಟೇ ಧೈರ್ಯ ಮಾಡಿ ಹೊರಬಂದಿದ್ದ ನಾಯಿ ಕಿರುಚಿ, ನಿಂತಲ್ಲೇ ಉಚ್ಚೆ ಹೊಯ್ದು, ದಾರಿ ಕಾಣದೆ ಭಾವನ ಪೈಜಾಮಕ್ಕೆ ಬಾಯಿ ಹಾಕಿಬಿಟ್ಟಿತು. ಬಟ್ಟೆ ಪರ್ರನೆ ಹರಿಯಿತು. ಇಬ್ಬರೂ ದೀಪದ ಕೆಳಗೆ ಅವರ ಕಾಲನ್ನು ತಿರುಗಿಸಿ ತಿರುಗಿಸಿ ನೋಡಿದೆವು. ಒಂದು ಗೀರೂ ಇರಲಿಲ್ಲ. "ಪೈಜಾಮಕ್ಕೆ ಕಚ್ಚಿದ್ದು ಲೆಕ್ಕಕ್ಕಿಲ್ಲ," ಅಂದರು ಭಾವ. "ಯಾರೋ ಅದನ್ನ ಕಾಲಲ್ಲೇ ಒದ್ದು ಬೆಳೆಸಿದ್ದಾರೆ ಕಣೇ. ನೀನು ಮನೇಲೂ ಬ್ರೇಕ್ ಹಾಕ್ತಾ ಕೂತ್ರೆ ಅದು ಬದುಕೋದು ಹೇಗೆ?"

ಅಂದಿನಿಂದ ಮನೆಯಲ್ಲಿ ಕಾಲು ಮಡಚಿಕೊಂಡು ಕುರ್ಚಿಯ ಮೇಲೇ ಇದ್ದೆ. ಹಾಲು ಉಕ್ಕಲಿ, ಲೋಟ ಬೀಳಲಿ, ಪಾದವನ್ನು ಕೈಯಲ್ಲಿ ಹಿಡಿದುಕೊಂಡು "ಸುಮ್ನಿರು, ಸುಮ್ನಿರು" ಅಂತ ಅದಕ್ಕೇ ಬುದ್ಧಿ ಹೇಳುತ್ತಿದ್ದೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುತ್ತಾರೆ, ನನ್ನದು ಎಷ್ಟು ಬೇಗ ಹೋಯಿತು ಗೊತ್ತಾ? ಶುಕ್ರವಾರ ಕಾರು ಕಲಿಯಲು ಬಂದಿದ್ದ ಒಬ್ಬ ಹಲ್ಲಿನ ಡಾಕ್ಟರು ತಿರುವಿನಲ್ಲಿ ಸೀದಾ ಹಾಲಿನ ವ್ಯಾನಿಗೆ ನುಗ್ಗಿಸಲು ಹೊರಟರು. ನನ್ನ ಕಾಲು ಏಳಲೇ ಇಲ್ಲ! ಕೊನೇ ಗಳಿಗೆಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದೆ. ಡಾಕ್ಟರು ಬೆವರು ಒರೆಸಿಕೊಂಡು, "ನೀವು ನನ್ನ ಮೇಲೆ ಇಷ್ಟು ನಂಬಿಕೆ ಇಡಬೇಡಿ ಮೇಡಂ," ಅಂದರು. ಸ್ಕೂಲಿನ ಮಾಲೀಕರಿಂದ ಸಹಸ್ರನಾಮವಾಯಿತು.

ಆದರೆ ಅದೇ ಸಂಜೆ ಅವನು ಮಂಚದ ಕೆಳಗಿನಿಂದ ಬಂದು ನನ್ನ ಕುರ್ಚಿಯ ಪಕ್ಕ ಮಲಗಿದ. ಬಿಸಿ ಉಸಿರು ನನ್ನ ಅಂಗಾಲಿಗೆ ತಾಗುತ್ತಿತ್ತು. ನಾಯಿಗೆ "ಅವನು" ಅನ್ನುತ್ತಿದ್ದೇನೆ ಅಂತ ನಗಬೇಡ. ಹೇಳಿಕೊಳ್ಳಲಾಗದ ಸಂತೋಷವಾಯಿತು, ಅದರ ಬೆನ್ನಿಗೇ ಭಯವೂ ಆಯಿತು.

ನಿನ್ನೆ ಆ ಗಂಡ ಹೆಂಡತಿ ಮೇಡಂ ಜೊತೆ ಬಂದರು. ಹೆಂಡತಿ ನರ್ಸು, ಗಂಡ ಗಡಿಯಾರ ರಿಪೇರಿಯವರು. ಆತ ಬಾಗಿಲ ಬಳಿ ನೆಲದ ಮೇಲೆ ಕೂತವರು, ನಾಯಿಯ ಕಡೆ ಕಣ್ಣೆತ್ತಿ ನೋಡದೆ ಭಾವನ ಹತ್ತಿರ ಸೊಂಟನೋವಿನ ಮಾತಾಡುತ್ತಿದ್ದರು. ಬಹಳ ಹೊತ್ತಾದ ಮೇಲೆ ಇವನೇ ಹೋಗಿ ಅವರ ಅಂಗೈಯಿಂದ ಬಿಸ್ಕತ್ತು ತಿಂದ. ಮೇಡಂ ಕಣ್ಣಲ್ಲೇ ನನಗೆ ಶಹಬ್ಬಾಸ್ ಅಂದರು. ಗೆದ್ದೆವು ಅಂದುಕೊಂಡೆ.

ಹೊರಡುವಾಗ ಕೆಟ್ಟಿತು. ಕೊರಳಿಗೆ ಹಗ್ಗ ಹಾಕಿದ್ದೇ ತಡ, ಬಂದು ನನ್ನ ಕಾಲ ಹಿಂದೆ ಸೇರಿಕೊಂಡ. ನರ್ಸಮ್ಮ ಕೈ ಚಾಚಿದರು. ಗುರ್ರ್ ಅಂದ, ತುಟಿ ಮೇಲೆದ್ದು ಹಲ್ಲು ಕಾಣಿಸಿತು. ಮೇಡಂ ಮುಖ ಬಿಳಿಚಿಕೊಂಡಿತು. ನರ್ಸಮ್ಮ ಕೈ ಹಿಂದಕ್ಕೆ ತೆಗೆದು, "ಇವನಿಗೆ ಇಲ್ಲೇ ಇಷ್ಟ ಅಂತ ಕಾಣುತ್ತೆ. ಬಲವಂತ ಯಾಕೆ? ನಾವು ಬೇರೆ ನಾಯಿ ನೋಡ್ತೀವಿ ಬಿಡಿ," ಅಂದರು. ಮೆಟ್ಟಿಲ ಕೆಳಗೆ ಮನೆ ಮಾಲೀಕರು ಕೆಮ್ಮುತ್ತಾ ನಿಂತಿದ್ದರು. ಇವನು ನನ್ನ ಮೀನಖಂಡಕ್ಕೆ ತಲೆ ಒತ್ತಿಕೊಂಡು ನಡುಗುತ್ತಿದ್ದ. ಇಲ್ಲಿ ಉಳಿಯುವ ಹಾಗಿಲ್ಲ, ಅಲ್ಲಿಗೆ ಹೋಗಲಿಲ್ಲವೆಂದರೆ ಬೋನು. ನನಗೆ ಬೇರೇನೂ ತೋಚಲಿಲ್ಲ.

ಅವನ ಕಡೆ ತಿರುಗಿ, ಅವನ ಮುಖ ನೋಡುತ್ತಲೇ, ಬಲಗಾಲು ಎತ್ತಿ ಧಪ್ ಅಂತ ನೆಲಕ್ಕೆ ಬಡಿದೆ. ಈ ಸಲ ಬೇಕೆಂದೇ ಬಡಿದೆ ಕಣೇ. ಅವನು ಒಂದು ಕ್ಷಣ ನನ್ನನ್ನು ನೋಡಿದ. ಆಮೇಲೆ ಓಡಿಹೋಗಿ, ಇನ್ನೂ ನೆಲದ ಮೇಲೇ ಕೂತಿದ್ದ ಗಡಿಯಾರದವರ ತೋಳ ಸಂದಿಯಲ್ಲಿ ಮುಖ ಹುದುಗಿಸಿದ. ಅವರು ಎತ್ತಿಕೊಂಡು, "ಆಯ್ತು ಮರೀ, ಆಯ್ತು," ಎನ್ನುತ್ತಾ ಮೆಟ್ಟಿಲಿಳಿದರು. ಅವನು ಹಿಂತಿರುಗಿ ನೋಡಲಿಲ್ಲ.

ಇವತ್ತು ಮೇಡಂ ಫೋನ್ ಮಾಡಿದ್ದರು. ಹೊಟ್ಟೆ ತುಂಬ ತಿಂದನಂತೆ, ಆತ ಕೆಲಸ ಮಾಡುವ ಮೇಜಿನ ಕೆಳಗೇ ಮಲಗುತ್ತಾನಂತೆ. "ಒಳ್ಳೇದೇ ಮಾಡಿದೆ," ಅಂದ ನಿಮ್ಮ ಭಾವ ಅವನ ತಟ್ಟೆ ತೊಳೆದಿಟ್ಟರು.

ನೀನು ಮಾತ್ರೆ ತಪ್ಪಿಸಬೇಡ. ಮಗಳ ಶಾಲೆಯ ನಾಟಕಕ್ಕೆ ಕರೆದಿದ್ದೀಯ, ಕೆಲಸ ಇದೆ, ಬರಲಾಗುವುದಿಲ್ಲ. ಅವಳು ಚೆನ್ನಾಗಿ ಓದಲಿ, ಚೆನ್ನಾಗಿ ಬೆಳೆಯಲಿ. ನಿಮಗೆಲ್ಲ ಒಳ್ಳೆಯದಾಗಲಿ.

ಇಂತಿ,
ನಿನ್ನ ಅಕ್ಕ

ತಾ.ಕ.: ಅಂಟಿಸಿದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ಕೆಲಸ ಇದೆ ಅಂದದ್ದು ಸುಳ್ಳು, ಅವಳನ್ನು ನೋಡಿದರೆ ಮತ್ತೆ ಬಿಟ್ಟು ಬರಲಾರೆ ಅನ್ನುವ ಭಯ. "ದೊಡ್ಡಮ್ಮ ಯಾಕೆ ಬರಲ್ಲ ಅಂತ ಮಗಳು ಕೇಳ್ತಾಳೆ" ಅಂತ ಬರೆದಿದ್ದೀಯಲ್ಲ, ನಿನಗಾದರೂ ಗೊತ್ತಿರಲಿ. ನೀನು ಆಸ್ಪತ್ರೆಗೆ ಸೇರುವಾಗ "ಸ್ವಲ್ಪ ದಿನದ ಮಟ್ಟಿಗೆ ನೋಡ್ಕೋ ಅಕ್ಕ" ಅಂತ ಕೊಟ್ಟ ಕೂಸು ನನ್ನ ಮಡಿಲಲ್ಲೇ ನಡೆಯಲು ಕಲಿಯಿತು, ಮಾತು ಕಲಿಯಿತು. ನೀನು ಗುಣವಾಗಿ ಕರೆದೊಯ್ಯಲು ಬಂದ ದಿನ ನನ್ನ ಕಾಲು ತಬ್ಬಿಕೊಂಡು, ನಿನ್ನನ್ನೇ ತೋರಿಸಿ "ಇವರು ಬೇಡ" ಅಂದಿತು. ನಿನ್ನ ಮುಖ ನನಗೆ ನೋಡಲಾಗಲಿಲ್ಲ. ಅದಕ್ಕೇ ಅವಳನ್ನು ಗದರಿಸಿದೆ, "ಇಲ್ಲಿ ನಿಂಗೇನು ಕೆಲಸ, ಹೋಗು ನಿಮ್ಮಮ್ಮನ ಹತ್ರ" ಅಂತ. ಅವಳು ಬಿಕ್ಕುತ್ತಾ ಬಂದು ನಿನ್ನ ಕೊರಳು ತಬ್ಬಿದಳು. ಆಗ ಬಾಗಿಲಲ್ಲಿ ನಿಂತು ನೀನು ಕೇಳಿದೆ: "ಹೆತ್ತ ಮಗು ಆಗಿದ್ರೆ ಹೀಗೆ ಅಟ್ತಿದ್ಯಾ ಅಕ್ಕ?" ಅದರ ಉತ್ತರ ಇವತ್ತು ಬರೆಯುತ್ತಿದ್ದೇನೆ. ಹೆತ್ತ ಮಗುವಾಗಿದ್ದರೆ, ಯಾರು ಬಂದು ಕೇಳಿದರೂ ನಾನು ಕೊಡುತ್ತಿರಲಿಲ್ಲ ಕಣೇ.